ಮಿಕ್ಕ ಸೋಡ

ಜೂನ್ 6, 2005, ಸೋಮವಾರ

ಗೊಬ್ಬರದಂಗಡಿಯವರು ಕೊಟ್ಟ ಈ ಡೈರಿ ಐದು ತಿಂಗಳಿಂದ ಗೋಡೆಗೂಡಿನಲ್ಲಿ ಬಿದ್ದಿತ್ತು. ಇವತ್ತು ತೆಗೆದೆ. ಎಚ್.ಡಿ. ಕೋಟೆಯಲ್ಲಿರುವ ತಂಗಿ ಸಣ್ಣತಾಯಮ್ಮನಿಗೆ ಕಾಗದ ಬರೆದು ಮುಗಿಸಿದ ಮೇಲೂ ಹೊಟ್ಟೆಯಲ್ಲಿ ಮಾತು ಮಿಕ್ಕಿತ್ತು. ಇನ್ನು ಮೇಲೆ ಕಾಗದಕ್ಕೆ ಹೋಗದೆ ಮಿಕ್ಕಿದ್ದೆಲ್ಲ ಇಲ್ಲಿಗೆ.

ಕಾಗದದಲ್ಲಿ ಬರೆದದ್ದು: ‘ಮೊಮ್ಮಗಳು ಸ್ಪಂದನಾ ಸೆಕೆಂಡ್ ಪಿಯುಸಿಯಲ್ಲಿ ಕೆಮಿಸ್ಟ್ರಿ ಒಂದು ಬಿಟ್ಟು ಎಲ್ಲದರಲ್ಲೂ ಪಾಸು. ಜುಲೈಯಲ್ಲಿ ಮತ್ತೆ ಪರೀಕ್ಷೆ ಇದೆ. ಟ್ಯೂಷನ್ನಿಗೆ ಒಳ್ಳೆಯ ವ್ಯವಸ್ಥೆಯಾಗಿದೆ.’

ಬರೆಯದೆ ಬಿಟ್ಟದ್ದು: ಆ ವ್ಯವಸ್ಥೆ ನಾನೇ.

ನಡೆದದ್ದು ಇಷ್ಟು. ಬೆಳಿಗ್ಗೆ ಮಗುವನ್ನು ಕರೆದುಕೊಂಡು ಪಿರಿಯಾಪಟ್ಟಣದ ಟ್ಯೂಷನ್ ಮೇಷ್ಟ್ರ ಮನೆಗೆ ಹೋಗಿದ್ದೆ. ಹತ್ತು ಮಕ್ಕಳು ಕೂತಿದ್ದರು. ಅವರೆದುರಿಗೇ ಮೇಷ್ಟ್ರು, "ಯಜಮಾನ್ರೇ, ಬೇಜಾರು ಮಾಡ್ಕಬೇಡಿ. ಈ ಹುಡುಗಿ ತಲೆಗೆ ಮೋಲ್ ಲೆಕ್ಕ ಹತ್ತಲ್ಲ" ಎಂದರು. ನಾನು, "ಹತ್ಸೋಕೆ ನಿಮಗೆ ಬರಾಕಿಲ್ಲ ಅನ್ನಿ" ಎಂದೆ. ಎದ್ದು ಬಂದೆ. ಬರುವಾಗ ಬಾಗಿಲನ್ನೂ ಸ್ವಲ್ಪ ಜೋರಾಗಿಯೇ ಎಳೆದೆ.

ಬಸ್ಸಿನಲ್ಲಿ ಸ್ಪಂದನಾ ಕಿಟಕಿ ಕಡೆ ತಿರುಗಿಕೊಂಡು ಅಳುತ್ತಿದ್ದಳು. ನೋಡಲಾಗಲಿಲ್ಲ. "ಬುಡವ್ವ, ನಾನೇ ಹೇಳ್ಕೊಡ್ತೀನಿ. ಲೆಕ್ಕ ಅಂದ್ರೆ ಲೆಕ್ಕ. ಕೆಮಿಸ್ಟ್ರಿ ಆದ್ರೇನು, ಹೊಗೆಸೊಪ್ಪಾದ್ರೇನು" ಎಂದುಬಿಟ್ಟೆ. ಬಸ್ಸಿಗೆ ಬಸ್ಸೇ ಕೇಳಿಸಿಕೊಂಡಿತು. ಕಂಡಕ್ಟರು, "ಮೇಷ್ಟ್ರೇ, ಪಾಠ ಆಮ್ಯಾಕೆ, ಮೊದ್ಲು ಟಿಕೆಟ್ ತಕ್ಕಳಿ" ಅಂದ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆಮೇಲೆ ಕಲಿತದ್ದೆಲ್ಲ ಪೊಟ್ಟಣ ಕಟ್ಟಿದ ಪೇಪರ್ ಓದಿ. ಜುಲೈಯಲ್ಲಿ ಪಾಸಾದರೆ ಮಗು ಮೈಸೂರಿಗೆ ಡಿ.ಫಾರ್ಮ ಓದಲು ಹೋಗುತ್ತಾಳೆ. ಇಲ್ಲದಿದ್ದರೆ ಒಂದು ವರ್ಷ ನಮ್ಮ ಬ್ಯಾರನ್ನಿನಲ್ಲಿ ಹೊಗೆಸೊಪ್ಪನ್ನು ಬೆಂಕಿಯ ಕಾವಿಗೆ ಬೇಯಿಸಿ ಒಣಗಿಸುವ ಕೆಲಸಕ್ಕೆ ನಿಲ್ಲಲಿ ಎಂದು ಅವಳಪ್ಪ, ನನ್ನ ಮಗ ಕಾಂತರಾಜು, ಹೇಳಿಯಾಗಿದೆ.

ಜೂನ್ 9, ಗುರುವಾರ

ಸಣ್ಣತಾಯಿಯ ಮಗಳು ಪ್ರಮೀಳಾ ಕೊಡಗಿನ ಯಾವುದೋ ರೆಸಾರ್ಟಿನಲ್ಲಿ ರೂಮು ಶುಚಿ ಮಾಡುವ ಕೆಲಸಕ್ಕಿದ್ದಾಳೆ. ಊರಿಗೆ ಹೋಗುವ ದಾರಿಯಲ್ಲಿ ಇವತ್ತು ಬಂದಿದ್ದಳು. ಗುಲಾಬಿ ಬಣ್ಣದ ಒಂದು ಉಂಡೆ ಕೊಟ್ಟು, "ಮಾವ, ಇದು ಸ್ನಾನದ ಉಂಡೆ. ದೊಡ್ಡೋರು ತೊಟ್ಟಿಗೆ ಹಾಕ್ಕೊಂಡು ಅದ್ರೊಳಗೆ ಮಲಗ್ತಾರೆ" ಎಂದಳು.

ನಮ್ಮಲ್ಲಿ ಮಲಗುವಂಥ ತೊಟ್ಟಿ ದನಗಳಿಗೆ ಮಾತ್ರ ಇದೆ. ಬಚ್ಚಲಿನ ಬಕೆಟ್ಟಿಗೆ ಹಾಕಿದೆವು. ಭುಸ್ ಎಂದು ಎದ್ದಿತು. "ಆವು ಕಣ್ರೀ!" ಎಂದು ಹೆಂಡತಿ ಚೆಲುವಮ್ಮ ಸೌದೆ ಎತ್ತಿಕೊಂಡಳು. ಸ್ಪಂದನಾ ಮಾತ್ರ ಬಗ್ಗಿ ಮೂಸಿ, "ತಾತ, ಇದು ಅಡುಗೆ ಸೋಡ, ನಿಂಬೆ ಉಪ್ಪು, ಅಂದ್ರೆ ಸಿಟ್ರಿಕ್ ಆಸಿಡ್ ಅನ್ನೋ ಹುಳಿ. ನೀರು ಬಿದ್ದ ತಕ್ಷಣ ಗ್ಯಾಸ್ ಬತ್ತದೆ. ಪುಸ್ತಕದಲ್ಲೇ ಇದೆ" ಎಂದು ಇದ್ದಿಲು ತೆಗೆದು ಬಚ್ಚಲ ಗೋಡೆಯ ಮೇಲೆ ಸಮೀಕರಣ ಬರೆದಳು. ಮೂರು ಸೋಡ, ಒಂದು ಹುಳಿ. "ಇಷ್ಟು ಬಾಯಿಪಾಠ ಬತ್ತದೆ ತಾತ. ಗ್ರಾಂನಲ್ಲಿ ಎಷ್ಟು ಅಂತ ಕೇಳಿದ್ರೆ ಪೆನ್ನಿಗೆ ಮುಚ್ಚಳ ಹಾಕ್ಬಿಡ್ತೀನಿ."

ಮಾಡಿಯೇ ಕಲಿಸುತ್ತೇನೆ ಎಂದು ತೀರ್ಮಾನಿಸಿದೆ. ಮೂರಕ್ಕೆ ಒಂದು. ಇದರಲ್ಲಿ ಅಳುವಂಥದ್ದು ಏನಿದೆ?

ಜೂನ್ 13, ಸೋಮವಾರ

ಪಾಠ ಶುರು. ಮೂರು ಚಟಾಕು ಸೋಡ, ಒಂದು ಚಟಾಕು ನಿಂಬೆ ಉಪ್ಪು ಅಳೆದೆ. ಉಂಡೆ ಕಟ್ಟಲು ನೀರು ಚಿಮುಕಿಸಿದೆ. ತಟ್ಟೆಯಲ್ಲಿದ್ದದ್ದು ಉಕ್ಕಿ ನನ್ನ ಪಂಚೆಯ ಮೇಲೆ ಬಂತು. ಚೆಲುವಮ್ಮ, "ನೀರು ಬಿದ್ರೆ ಉಕ್ತದೆ ಅಂತ ಮಗು ಮೊನ್ನೆನೇ ಏಳಿತ್ತಲ್ಲ. ತಂಬಿಟ್ಟಿಗೆ ನೀರು ಆಕ್ತಾರಾ? ಸರೀರಿ ಅತ್ಲಾಗೆ" ಎಂದು ಕೊಬ್ಬರಿ ಎಣ್ಣೆ ಹಾಕಿ ಮುಷ್ಟಿಯಲ್ಲಿ ಒತ್ತಿ ಆರು ಉಂಡೆ ಮಾಡಿಟ್ಟಳು. ಅವಳಿಗೆ ಕೆಮಿಸ್ಟ್ರಿ ಗೊತ್ತಿಲ್ಲ, ಸುಮ್ಮನೆ ಅದೃಷ್ಟ.

ಸಂಜೆ ನಾನೇ ಮೊದಲು ಸ್ನಾನ ಮಾಡಿದೆ. ಉಂಡೆ ಸ್ವಲ್ಪ ಹೊತ್ತು ಗೊಣಗಿ ಸುಮ್ಮನಾಯಿತು. ಬಕೆಟ್ಟಿನ ತಳದಲ್ಲಿ ಬೆಳ್ಳಗೆ ಗಸಿ.

ಜೂನ್ 14, ಮಂಗಳವಾರ

ಮೈಯೆಲ್ಲ ಕೆರೆತ. ಬರೆಯಲು ಕೈ ಬಿಡುವಿಲ್ಲ.

ಜೂನ್ 18, ಶನಿವಾರ

ಸ್ಪಂದನಾಗೆ ಮೋಲ್ ಎಂದರೇನು ಎಂದು ಇವತ್ತು ಚೆನ್ನಾಗಿ ಹೇಳಿಕೊಟ್ಟೆ.

ಅವಳು, "ತಾತ, ಮೂರು ಅಂದ್ರೆ ಮೂರು ಚಟಾಕಲ್ಲ, ಮೂರು ಕಣ. ಮೂರು ಸೋಡ ಕಣಕ್ಕೆ ಒಂದು ಹುಳಿ ಕಣ" ಎಂದಳು.

"ಕಣ ಎಣಿಸೋಕ್ಕಾಯ್ತದಾ?" ಎಂದೆ.

"ಆಗಲ್ಲ. ಅದಕ್ಕೇ ತೂಗೋದು."

"ತೂಗಿದ್ರೆ ಎಣಿಸ್ದಂಗೆ ಎಂಗಾಯ್ತದೆ?"

ಪುಸ್ತಕ ನೋಡಿದಳು. ಪುಸ್ತಕ ಇಂಗ್ಲಿಷಿನಲ್ಲಿ ಏನೋ ಹೇಳಿತು. ಆಮೇಲೆ ಹಿತ್ತಲ ಕಡೆ ನೋಡಿ ಒಮ್ಮೆಗೇ ಎದ್ದು ನಿಂತಳು. "ತಾತ! ಸಸಿಗೆ ಒಟ್ಲು ಮಾಡುವಾಗ ಹೊಗೆಸೊಪ್ಪಿನ ಬೀಜ ಎಣಿಸ್ತೀಯಾ?"

ನಗು ಬಂತು. ಹೊಗೆಸೊಪ್ಪಿನ ಬೀಜ ಧೂಳಿನ ಹಾಗೆ, ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಚಿಟಿಕೆಯಲ್ಲಿ ಸಾವಿರಾರು. ಯಾರೂ ಎಣಿಸುವುದಿಲ್ಲ. ಇಷ್ಟು ತೂಕದ ಬೀಜಕ್ಕೆ ಇಷ್ಟು ಸಸಿ ಎಂದು ಲೆಕ್ಕ. ಅದೇ ತೂಕ ರಾಗಿ ತಗೊಂಡರೆ ಕಾಳು ಕಡಿಮೆ ಬರುತ್ತದೆ, ಅವರೆಯಾದರೆ ಇನ್ನೂ ಕಡಿಮೆ. ಸೋಡದ ಕಣ ಹಗುರ, ಪುಸ್ತಕದ ಪ್ರಕಾರ ತೂಕ ಎಂಬತ್ತನಾಲ್ಕು. ಹುಳಿಯ ಕಣ ಭಾರ, ನೂರಾ ತೊಂಬತ್ತೆರಡು. ಎರಡೂ ಒಂದೇ ಎಣಿಕೆ ಬೇಕಾದರೆ ಬೇರೆ ಬೇರೆ ತೂಕ ಹಾಕಬೇಕು. ಮೂರು ಸೋಡಕ್ಕೆ ಇನ್ನೂರ ಐವತ್ತೆರಡು, ಒಂದು ಹುಳಿಗೆ ನೂರಾ ತೊಂಬತ್ತೆರಡು. ಕಿರಿದು ಮಾಡಿದರೆ ಇಪ್ಪತ್ತೊಂದಕ್ಕೆ ಹದಿನಾರು.

ನಾನು ಎಂಥ ಸುಲಭವಾಗಿ ಹೇಳಿಕೊಟ್ಟೆ ಎಂದರೆ, ಹುಡುಗಿಯೇ ಎಲ್ಲ ಹೇಳುತ್ತಿದ್ದಾಳೇನೋ ಎನ್ನಿಸುವಂತಿತ್ತು.

ಜೂನ್ 21, ಮಂಗಳವಾರ

ತಕ್ಕಡಿಯದ್ದೇ ತೊಂದರೆ. ನಲವತ್ತು ವರ್ಷ ಹೊಗೆಸೊಪ್ಪನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಎತ್ತಿ ದರ್ಜೆ ಹೇಳಿದವನು ನಾನು. "ಹದಿನಾರು ಗ್ರಾಂ ಅಂದ್ರೆ ಇಷ್ಟು" ಎಂದು ಅಂಗೈಯಲ್ಲಿ ತೋರಿಸಿದೆ. ಸ್ಪಂದನಾ, "ತಾತ, ಪರೀಕ್ಷೇಲಿ ನಿನ್ನ ಅಂಗೈ ಒಳಗೆ ಬಿಡಲ್ಲ" ಅಂದಳು.

ಗ್ರಾಂ ಲೆಕ್ಕದ ತಕ್ಕಡಿ ಊರಲ್ಲಿ ಇರುವುದು ಅಂಚೆ ಕಚೇರಿಯಲ್ಲಿ ಮಾತ್ರ. ಪೋಸ್ಟ್ ಮಾಸ್ಟರ್ ಬೆಟ್ಟಸ್ವಾಮಿ ನನ್ನ ಕಾಗದಗಳಿಂದಲೇ ಪರಿಚಯ. ಎರಡು ಬಿಳಿ ಪೊಟ್ಟಣ ಮುಂದಿಟ್ಟೆ.

"ಏನಿದು ಶಿವನಂಜಪ್ಪನವರೇ?"

"ಸೋಡ. ಇನ್ನೊಂದು ನಿಂಬೆ ಉಪ್ಪು."

"ಯಾರಿಗೆ ಪೋಸ್ಟು?"

"ಯಾರಿಗೂ ಇಲ್ಲ. ತೂಗಿ ವಾಪಸ್ ಕೊಡಿ."

ಬೆಟ್ಟಸ್ವಾಮಿ ನನ್ನ ಮುಖ ನೋಡಿದರು, ಪುಡಿಯ ಮುಖ ನೋಡಿದರು, ಬಾಗಿಲ ಕಡೆ ನೋಡಿದರು. ಆಮೇಲೆ ತೂಗಿದರು. ಕಮ್ಮಿ ಬಿದ್ದದ್ದನ್ನು ಮನೆಯಿಂದ ತಂದು ಸೇರಿಸಿದೆ. ಇನ್ನೂರ ಹತ್ತು ಗ್ರಾಂ ಸೋಡ, ನೂರಾ ಅರವತ್ತು ಗ್ರಾಂ ಹುಳಿ. ಹತ್ತು ಉಂಡೆಗೆ ಆಗುವಷ್ಟು. ನೂರಾ ಅರವತ್ತಕ್ಕೆ ನಾನು ಅಂಗೈಯಲ್ಲಿ ಅಂದಾಜು ಮಾಡಿ ಕಟ್ಟಿದ್ದು ಎಷ್ಟಿತ್ತು ಎಂದು ಇಲ್ಲಿ ಬರೆಯುವುದಿಲ್ಲ.

(ತೊಂಬತ್ತೈದು.)

ಜೂನ್ 26, ಭಾನುವಾರ

ಹೊಸ ಉಂಡೆಗಳನ್ನು ಆರಲೆಂದು ಬಚ್ಚಲ ಗೂಡಿನಲ್ಲಿ ಇಟ್ಟಿದ್ದಳು ಚೆಲುವಮ್ಮ. ನನ್ನ ವಿಭೂತಿ ಗಟ್ಟಿ ಇಡುವುದೂ ಅಲ್ಲೇ. ಬೆಳಿಗ್ಗೆ ಸ್ನಾನ ಮುಗಿಸಿ, ಕನ್ನಡಕ ಇಲ್ಲದೆ, ಒದ್ದೆ ಮೂರು ಬೆರಳನ್ನು ಉಜ್ಜಿ ಹಣೆಗೆ ಎಳೆದೆ. ಚುರ್ರ್ ಎಂದಿತು. ಐವತ್ತು ವರ್ಷದಿಂದ ವಿಭೂತಿ ಧರಿಸುತ್ತಿದ್ದೇನೆ, ಅದು ಮಾತಾಡಿದ್ದು ಇದೇ ಮೊದಲು. ಹಣೆಯ ಮೇಲೆ ನೊರೆ ಇಳಿಯುತ್ತಾ ಅಂಗಳಕ್ಕೆ ಬಂದೆ. ಕಾಂತರಾಜು, "ಅಪ್ಪಯ್ಯಂಗೆ ಮೂರನೇ ಕಣ್ಣು ತೆರೀತಾ ಅದೆ, ಓಡ್ರಲಾ!" ಎಂದು ಕೂಗಿದ.

ಸ್ಪಂದನಾ ಜಗಲಿಯ ಮೇಲೆ ಬಿದ್ದು ಬಿದ್ದು ನಕ್ಕಳು. ರಿಸಲ್ಟ್ ಬಂದ ಮೇಲೆ ಅವಳು ನಕ್ಕದ್ದು ಇವತ್ತೇ. ಹಣೆ ಇನ್ನೂ ಸ್ವಲ್ಪ ಉರಿಯುತ್ತಿದೆ, ಇರಲಿ.

ನಕ್ಕು ಮುಗಿಸಿ ಅವಳು ಕೇಳಿದಳು: "ತಾತ, ಸೋಡ ಜಾಸ್ತಿ ಹಾಕಿ ಹುಳಿ ಕಮ್ಮಿ ಹಾಕಿದ್ರೆ ಗ್ಯಾಸ್ ಯಾವುದ್ರ ಲೆಕ್ಕದಲ್ಲಿ ಬತ್ತದೆ?" ನಾನು, "ಕಡ್ಡಿಗೆ ಹೊಗೆಸೊಪ್ಪಿನ ಎಲೆ ಪೋಣಿಸ್ತೀವಲ್ಲ, ಕಡ್ಡಿ ಮುಗಿದ ಮ್ಯಾಲೆ ಎಲೆ ಎಷ್ಟಿದ್ದರೇನು? ರಾಶೀಲೇ ಕೊಳೀತದೆ" ಎಂದೆ. "ಹಂಗಾದ್ರೆ ಮೊದ್ಲು ಮುಗಿಯೋದೇ ಯಜಮಾನ!" ಎಂದು ಬರೆದುಕೊಂಡಳು. ಮೊದಲು ಮುಗಿಯುವವನೇ ಯಜಮಾನ ಎಂಬ ಮಾತು ನನ್ನ ವಯಸ್ಸಿನವನಿಗೆ ಅಷ್ಟು ಹಿತವಲ್ಲ. ಆದರೆ ಲೆಕ್ಕ ಸರಿ.

ಜುಲೈ 4, ಸೋಮವಾರ

ಮಳೆ ಹಿಡಿದಿದೆ. ಗಾಳಿಯಲ್ಲೇ ನೀರು. ಉಂಡೆಗಳು ಇಟ್ಟಲ್ಲೇ ಬೆವರಿ, ಊದಿ, ಬಿರುಕು ಬಿಡುತ್ತಿವೆ. ನಿನ್ನೆ ಕಾಂತರಾಜು ಈ ವರ್ಷದ ಮೊದಲ ಬ್ಯಾರನ್ನಿಗೆ ಎಲೆ ತುಂಬಿ ಬೆಂಕಿ ಹಾಕಿದ್ದ. ಒಳಗೆ ಬೆಚ್ಚಗಿರುತ್ತದೆ, ಚೆನ್ನಾಗಿ ಆರುತ್ತವೆ ಎಂದುಕೊಂಡು ಯಾರಿಗೂ ಹೇಳದೆ ಹತ್ತು ಉಂಡೆಯ ತಟ್ಟೆಯನ್ನು ಒಳಗಿಟ್ಟು ಬಂದೆ.

ಹೊಗೆಸೊಪ್ಪು ಬೇಯಿಸುವ ಮನೆಯಲ್ಲಿ ಹುಟ್ಟಿ ಬೆಳೆದವನು ನಾನು. ಮೊದಲ ಎರಡು ದಿನ ಎಲೆ ಹಳದಿ ತಿರುಗಲೆಂದು ಬ್ಯಾರನ್ನಿನ ಒಳಗೆ ತೇವ ಹಿಡಿದಿಡುತ್ತೇವೆ, ನೆಲಕ್ಕೆ ನೀರು ಕೂಡ ಹಾಕುತ್ತೇವೆ. ಒಣಗಿಸುವುದು ಆಮೇಲೆ. ಇದು ನಮ್ಮೂರ ಕೋಳಿಗೂ ಗೊತ್ತು. ನನಗೆ ಮಾತ್ರ ಇವತ್ತು ನೆನಪಾಗಲಿಲ್ಲ.

ಮಧ್ಯಾಹ್ನ ಕಾಂತರಾಜು ಬ್ಯಾರನ್ ಬಾಗಿಲಲ್ಲಿ ನಿಂತು ಕೂಗಿದ: "ಅವ್ವಾ! ಬ್ಯಾರನ್ನಲ್ಲಿ ಇಡ್ಲಿ ಹಿಟ್ಟು ಯಾರು ಇಟ್ಟೋರು? ಉಕ್ಕಿ ನೆಲಕ್ಕೆಲ್ಲ ಅರ್ದದೆ!"

ಚೆಲುವಮ್ಮ ನನ್ನ ಕಡೆ ನೋಡಿದಳು. ನಾನು ಪೇಪರ್ ಎತ್ತಿಕೊಂಡೆ. ಪೇಪರ್ ತಲೆಕೆಳಗಿತ್ತು.

ಸಣ್ಣತಾಯಿಗೆ ಬರೆದದ್ದು: ‘ಪಾಠ ಅತ್ಯುತ್ತಮವಾಗಿ ಸಾಗಿದೆ. ಈಗ ದೊಡ್ಡ ಪ್ರಮಾಣದಲ್ಲಿ ಪ್ರಯೋಗ ಮಾಡುತ್ತಿದ್ದೇವೆ.’

ಜುಲೈ 11, ಸೋಮವಾರ

ಪರೀಕ್ಷೆಗೆ ನಾಲ್ಕು ದಿನ.

ಇವತ್ತು ಹೊಸದಾಗಿ ಮಾಡಿದ ಹತ್ತು ಉಂಡೆ ತೂಕಕ್ಕೆ ತೂಕ ಸರಿಯಾಗಿತ್ತು. ಒಂದನ್ನು ಸ್ಪಂದನಾ ಚೊಂಬು ನೀರಿಗೆ ಹಾಕಿದಳು. ಗುಳ್ಳೆ ಎದ್ದು ಇಳಿಯಿತು. ಲೆಕ್ಕದ ಪ್ರಕಾರ ಸೋಡವೂ ಮುಗಿದಿರಬೇಕು, ಹುಳಿಯೂ ಮುಗಿದಿರಬೇಕು. ಪರೀಕ್ಷಿಸಲು ಅವಳೇ ಒಂದು ದಾರಿ ಹುಡುಕಿದ್ದಾಳೆ: ಮಿಕ್ಕ ನೀರಿಗೆ ನಿಂಬೆಹಣ್ಣು ಹಿಂಡುವುದು. ಗುಳ್ಳೆ ಎದ್ದರೆ ಸೋಡ ಮಿಕ್ಕಿದೆ ಎಂದರ್ಥ.

ಹಿಂಡಿದಳು. ಬುಸ್ ಎಂದಿತು.

ಇನ್ನೊಂದು ಉಂಡೆ. ಬುಸ್. ಇನ್ನೊಂದು. ಬುಸ್.

ಲೆಕ್ಕವನ್ನು ಮೂರು ಸಲ ಮಾಡಿದಳು. ಇಪ್ಪತ್ತೊಂದಕ್ಕೆ ಹದಿನಾರೇ ಬಂತು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಮೆತ್ತಗೆ, "ಮೇಷ್ಟ್ರು ಹೇಳಿದ್ದೇ ನಿಜ ತಾತ. ನನ್ ತಲೆಗೆ ಇದು ಹತ್ತಲ್ಲ. ನಾಳೆಯಿಂದ ಅಪ್ಪನ ಜೊತೆ ಬ್ಯಾರನ್ನಿಗೆ ಹೋಯ್ತೀನಿ" ಎಂದಳು.

ಅಳಲಿಲ್ಲ. ಅತ್ತಿದ್ದರೆ ಏನಾದರೂ ಹೇಳುತ್ತಿದ್ದೆ.

ಜುಲೈ 12, ಮಂಗಳವಾರ

ಮೊದಲ ಬಸ್ಸಿಗೆ ಒಬ್ಬನೇ ಪಿರಿಯಾಪಟ್ಟಣಕ್ಕೆ ಹೋದೆ. ಟ್ಯೂಷನ್ ಮೇಷ್ಟ್ರ ಬಾಗಿಲನ್ನು ಈ ಸಲ ನಿಧಾನವಾಗಿ ತಳ್ಳಿದೆ. ಮಕ್ಕಳೆಲ್ಲ ತಿರುಗಿ ನೋಡಿದರು. ಕ್ಷಮೆ ಕೇಳಲು ಹೋದದ್ದಲ್ಲ, ಒಂದು ಸಂದೇಹವಿತ್ತು ಅಷ್ಟೆ.

"ಲೆಕ್ಕ ಸರಿಯಾಗೇ ಅದೆ ಮೇಷ್ಟ್ರೇ. ಆದ್ರೂ ಸೋಡ ಮಿಗ್ತದೆ. ಯಾಕೆ?" ಎಂದು ಸ್ಪಂದನಾಳ ಹಾಳೆ ಮುಂದಿಟ್ಟೆ.

ಮೇಷ್ಟ್ರು ಹಾಳೆ ಪೂರ್ತಿ ಓದಿದರು. ಬಚ್ಚಲು, ಅಂಚೆ ತಕ್ಕಡಿ, ನಿಂಬೆಹಣ್ಣು ಎಲ್ಲ ಹೇಳಿದೆ. ವಿಭೂತಿಯದ್ದನ್ನೂ ಹೇಳಿದೆ, ಯಾಕೆ ಹೇಳಿದೆನೋ ಗೊತ್ತಿಲ್ಲ. ಮಕ್ಕಳು ನಕ್ಕರು.

"ಈ ಲೆಕ್ಕ ಯಾರು ಮಾಡಿದ್ದು?"

"ಅವಳೇ."

"ನಿಂಬೆಹಣ್ಣು ಹಿಂಡಿ ನೋಡೋದು ಯಾರ ಐಡಿಯಾ?"

"ಅದೂ ಅವಳದೇ. ನನಗೆ ಇದೆಲ್ಲ ಎಲ್ಲಿಂದ ಬರಬೇಕು ಸ್ವಾಮಿ."

ಮೇಷ್ಟ್ರು ಹಾಳೆಯನ್ನು ಮಡಿಸಿ ನನ್ನ ಕೈಗಿಟ್ಟರು. "ಯಜಮಾನ್ರೇ, ನಾನು ಆವತ್ತು ಆ ಮಾತು ಆಡಬಾರದಾಗಿತ್ತು" ಎಂದರು. ನಾನು, "ಬಾಗಿಲಿನ ಚಿಲಕ ಸಡಿಲ ಆಗ್ಬುಟ್ಟದೆ, ಆವತ್ತು ನಾನೇ ಎಳೆದದ್ದು" ಎಂದೆ.

"ನಿಂಬೆ ಉಪ್ಪಿನ ಪೊಟ್ಟಣ ತಂದಿದ್ದೀರಾ?"

ತಂದಿರಲಿಲ್ಲ.

"ಉತ್ತರ ನಾನು ಹೇಳಲ್ಲ. ಪೊಟ್ಟಣದ ಮೇಲೆ ಬರೆದಿರೋದನ್ನ ಪೂರ್ತಿ ಓದು ಅಂತ ಅವಳಿಗೆ ಹೇಳಿ. ಸಣ್ಣಕ್ಷರ ಬಿಡಬಾರದು ಅಂತ ಹೇಳಿ."

ಮನೆಗೆ ಬಂದು ಹೇಳಿದೆ. ಆ ನಿಂಬೆ ಉಪ್ಪು ಹುಣಸೂರಿನಲ್ಲಿ ಶರಬತ್ತು ಮಾಡುವವರಿಗೆ ಮಾರುವ ಅಂಗಡಿಯದ್ದು. ಸ್ಪಂದನಾ ಒಲ್ಲದ ಮನಸ್ಸಿನಿಂದ ಪೊಟ್ಟಣ ತಿರುಗಿಸಿದಳು. ಕಿಟಕಿಯ ಹತ್ತಿರ ಹೋದಳು. ಆಮೇಲೆ ಹಸು ಹಗ್ಗ ಕಿತ್ತುಕೊಳ್ಳುವಷ್ಟು ಜೋರಾಗಿ ಕೂಗಿದಳು: "ತಾತಾ! ಮೊನೊಹೈಡ್ರೇಟ್! ಇದರ ಒಂದೊಂದು ಕಣಕ್ಕೂ ಒಂದೊಂದು ನೀರು ಅಂಟ್ಕೊಂಡದೆ! ನಾವು ಹುಳಿ ಅಂತ ತೂಗಿದ್ದರಲ್ಲಿ ನೀರೂ ಸೇರಿದೆ!"

"ಪುಡಿ ಒಣಗೇ ಅದಲ್ಲೇ" ಎಂದಳು ಚೆಲುವಮ್ಮ.

"ಒಣಗೇ ಇರ್ತದೆ ಅಜ್ಜಿ, ನೀರು ಹರಳೊಳಗೆ ಸೇರ್ಕೊಂಡಿರ್ತದೆ! ನೂರಾ ತೊಂಬತ್ತೆರಡಲ್ಲ, ಹದಿನೆಂಟು ಸೇರಿಸಿ ಇನ್ನೂರ ಹತ್ತು. ಹತ್ತು ಉಂಡೆಗೆ ನೂರಾ ಅರವತ್ತು ಸಾಲದು, ನೂರಾ ಎಪ್ಪತ್ತೈದು ಬೇಕು!"

ಹದಿನೈದು ಗ್ರಾಂ. ನನ್ನ ಅಂಗೈಯಲ್ಲಿ ಅದು ಇದ್ದರೂ ಇಲ್ಲದಿದ್ದರೂ ಗೊತ್ತಾಗುವುದಿಲ್ಲ. ಮುಚ್ಚುವ ಮುಂಚೆ ಅಂಚೆ ಕಚೇರಿಗೆ ಓಡಿದೆವು. ಬೆಟ್ಟಸ್ವಾಮಿ ನಮ್ಮನ್ನು ನೋಡಿದ ತಕ್ಷಣ ತಕ್ಕಡಿ ಹೊರಗಿಟ್ಟರು.

ಉಂಡೆ ಕಟ್ಟಿ, ನೀರಿಗೆ ಹಾಕಿ, ಗುಳ್ಳೆ ನಿಂತ ಮೇಲೆ ನಿಂಬೆಹಣ್ಣು ಹಿಂಡಿದಳು. ಏನೂ ಏಳಲಿಲ್ಲ. ಹುಳಿ ಮಿಕ್ಕಿದೆಯೇ ಎಂದು ನೋಡಲು ಚಿಟಿಕೆ ಸೋಡ ಹಾಕಿದಳು. ಅದಕ್ಕೆ ಎದ್ದ ಗುಳ್ಳೆ ಈಗ ಹಿಂಡಿದ ನಿಂಬೆಹಣ್ಣಿನದ್ದಂತೆ. ಅದಕ್ಕೇ ಇನ್ನೊಂದು ಉಂಡೆಯನ್ನು ಬೇರೆ ಚೊಂಬಿನಲ್ಲಿ ಕರಗಿಸಿ, ನಿಂಬೆ ಹಿಂಡದೆ, ಬರೀ ಸೋಡ ಹಾಕಿ ನೋಡಿದಳು. ಅದರಲ್ಲೂ ಏನೂ ಏಳಲಿಲ್ಲ. ಎರಡೂ ಸರಿಸಮ ಮುಗಿದಿತ್ತು. ನಾವು ಮೂವರೂ ಏನೂ ಆಗದ ಆ ಚೊಂಬನ್ನು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆವು.

ಜುಲೈ 15, ಶುಕ್ರವಾರ

ಪರೀಕ್ಷೆ ಮುಗಿಸಿ ಹೊರಗೆ ಬಂದಳು. ನಾನು ಕಾಲೇಜಿನ ಗೇಟಿನ ಹತ್ತಿರ ಬೆಳಿಗ್ಗೆಯಿಂದ ನಿಂತಿದ್ದೆ. ಕೊಡೆಯನ್ನು ಬಸ್ಸಿನಲ್ಲೇ ಮರೆತಿದ್ದೆ.

"ಒಂದು ಲೆಕ್ಕದಲ್ಲಿ ಬೇರೆ ಯಾವುದೋ ಹುಳಿ ಕೊಟ್ಟಿದ್ರು ತಾತ, ಅದಕ್ಕೆ ಎರಡು ನೀರು ಅಂಟ್ಕೊಂಡಿತ್ತು. ನಾನು ಬಿಡ್ತೀನಾ?" ಎಂದಳು.

ಬಸ್ಸಿನಲ್ಲಿ ಅದೇ ಕಂಡಕ್ಟರು. "ಏನ್ ಮೇಷ್ಟ್ರೇ, ಪಾಠ ಮುಗೀತಾ?" ಎಂದ. ನಾನು, "ಮೇಷ್ಟ್ರು ಇವಳು ಕಣಪ್ಪ. ಎರಡು ಟಿಕೆಟ್ ಕೊಡು" ಎಂದೆ.

ಆಗಸ್ಟ್ 16, ಮಂಗಳವಾರ

ರಿಸಲ್ಟ್ ಬಂತು. ಕೆಮಿಸ್ಟ್ರಿ ಅರವತ್ತೆಂಟು.

ಕಾಂತರಾಜು ಬ್ಯಾರನ್ನಿನಿಂದ ಹಾಗೇ ಬೂದಿಗೈಯಲ್ಲಿ ಬಂದು ಮಗಳ ತಲೆ ಮುಟ್ಟಿದ. ತಲೆಯೆಲ್ಲ ಬೂದಿ. ಚೆಲುವಮ್ಮ ಬೈದಳು, ಕಣ್ಣೊರೆಸಿಕೊಂಡಳು, ಮತ್ತೆ ಬೈದಳು. ಮಧ್ಯಾಹ್ನ ಮೇಷ್ಟ್ರ ಮನೆಗೆ ಹೋಗಿ ನಾಲ್ಕು ಉಂಡೆ ಕೊಟ್ಟು, ಬಾಗಿಲಿಗೆ ಹೊಸ ಚಿಲಕ ಹಾಕಿಕೊಟ್ಟು ಬಂದೆವು. ಫೇಲಾದ ಮಕ್ಕಳಿಗೆ ಈ ಭಾನುವಾರ ಸ್ಪಂದನಾಳೇ ಬಂದು ಉಂಡೆ ಮಾಡಿ ತೋರಿಸಬೇಕಂತೆ. ನಾನೂ ಹಿಂದೆ ಕೂತುಕೊಳ್ಳಬಹುದಾ ಎಂದು ಕೇಳಿದ್ದಕ್ಕೆ ಮೇಷ್ಟ್ರು, "ಪೆನ್ನು ತನ್ನಿ" ಎಂದರು.

ಆಗಸ್ಟ್ 17, ಬುಧವಾರ

ಇವತ್ತು ಸಣ್ಣತಾಯಿಗೆ ದೊಡ್ಡ ಕಾಗದ ಬರೆದೆ. ಕೆರೆತ, ತೊಂಬತ್ತೈದು ಗ್ರಾಂ, ವಿಭೂತಿ, ಬ್ಯಾರನ್ನಿನ ಇಡ್ಲಿ ಹಿಟ್ಟು, ಮೇಷ್ಟ್ರ ಮೇಲೆ ಹಾರಾಡಿದ್ದು ನನ್ನದೇ ತಪ್ಪು ಎಂಬುದು, ಲೆಕ್ಕವನ್ನು ಮಗುವೇ ನನಗೆ ಹೇಳಿಕೊಟ್ಟದ್ದು, ಎಲ್ಲ. ಹನ್ನೊಂದು ಹಾಳೆಯಾಯಿತು. ಬೆಟ್ಟಸ್ವಾಮಿ ತೂಗಿ ನೋಡಿ, "ಜಾಸ್ತಿ ಸ್ಟಾಂಪ್ ಬೇಕಾಯ್ತದೆ ಶಿವನಂಜಪ್ಪನವರೇ. ಇಷ್ಟು ಭಾರದ ಕಾಗದ ನೀವು ಯಾವತ್ತೂ ಬರೆದಿರಲಿಲ್ಲ" ಎಂದರು.

ಸಂಜೆ ರೂಢಿಯಂತೆ ಡೈರಿ ತೆಗೆದು ಕೂತೆ. ಇಲ್ಲಿ ಬರೆಯುವುದಕ್ಕೆ ಏನೂ ಮಿಕ್ಕಿಲ್ಲ.